ಓವನ್ನಿನಲ್ಲಿ ಬೆಂದ ಗ್ರಾಫಿಕ್ಸ್ ಕಾರ್ಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಹಳೆಯ ಡಬ್ಬಾ ಟಿವಿ ಇತ್ತು. ಚಿತ್ರ ಅಲ್ಲಾಡಲು ಶುರುವಾದರೆ ಅಪ್ಪ ಎದ್ದು ಹೋಗಿ ಅದರ ತಲೆಯ ಮೇಲೆ ಒಂದು ಏಟು ಕೊಡುತ್ತಿದ್ದರು. ಚಿತ್ರ ಸರಿಹೋಗುತ್ತಿತ್ತು. ಹೇಗಪ್ಪಾ ಸರಿಹೋಯ್ತು ಅಂತ ಕೇಳಿದರೆ "ಲೂಸ್ ಕಾಂಟ್ಯಾಕ್ಟು ಕಣೋ" ಅನ್ನುತ್ತಿದ್ದರು. ಇಂಜಿನಿಯರಿಂಗ್ ಓದಿ, ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ಮೇಲೆ ಈಗ ಅನ್ನಿಸುತ್ತದೆ, ಅಪ್ಪನ ಉತ್ತರ ಪೂರ್ತಿ ಸರಿಯಾಗಿತ್ತು. ನಾನೇ ಅದನ್ನು ತಡವಾಗಿ ಅರ್ಥ ಮಾಡಿಕೊಂಡೆ. ಅದಕ್ಕೆ ಕಾರಣ ಒಂದು ಗ್ರಾಫಿಕ್ಸ್ ಕಾರ್ಡು.

2018ರಲ್ಲಿ, ಆರನೇ ಸೆಮಿಸ್ಟರ್ ಮುಗಿದ ರಜೆ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹತ್ತು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡು ಒಂದಿತ್ತು. ಕಂಪನಿಯ ಹೆಸರು ಬೇಡ ಬಿಡಿ. ಒಂದು ದಿನ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಬಂದವು, ಮರುದಿನ ಪೂರ್ತಿ ಕತ್ತಲೆ. ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ: "ಓವನ್ನಲ್ಲಿಟ್ಟು ಬೇಯಿಸೋ, ಸರಿಹೋಗತ್ತೆ." ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಫ್ಯಾನು, ಹೀಟ್ ಸಿಂಕು, ಪ್ಲಾಸ್ಟಿಕ್ ಕವಚ ಎಲ್ಲ ಬಿಚ್ಚಿ, ಹಳೆಯ ಪೇಸ್ಟು ಒರೆಸಿ, ಅಲ್ಯೂಮಿನಿಯಂ ಫಾಯಿಲ್ಲಿನ ನಾಲ್ಕು ಉಂಡೆ ಮಾಡಿ, ಅದರ ಮೇಲೆ ಕಾರ್ಡನ್ನು ಕೂರಿಸಿ, ಅಮ್ಮ ಕೇಕು ಮಾಡುವ ಓವನ್ನಿನಲ್ಲಿ 200 ಡಿಗ್ರಿಗೆ 8 ನಿಮಿಷ ಇಟ್ಟೆ. ಅಡುಗೆಮನೆಯೆಲ್ಲ ಸುಟ್ಟ ವಾರ್ನಿಷ್ ವಾಸನೆ. "ಏನೋ ಅದು ನನ್ನ ಕೇಕ್ ತಟ್ಟೆ ಮೇಲೆ?" ಅಂತ ಅಮ್ಮ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಆರಿದ ಮೇಲೆ ಜೋಡಿಸಿದೆ. ಕಾರ್ಡು ಎದ್ದು ಕೂತಿತು! ನಾನು ಏನೋ ದೊಡ್ಡದು ಸಾಧಿಸಿದವನಂತೆ ಹಾಸ್ಟೆಲಿಗೆ ವಾಪಸು ಹೋದೆ. ಹೋದ ವಾರದಲ್ಲೇ ಒಬ್ಬ ಜೂನಿಯರ್ ಹುಡುಗನಿಗೆ ಅದನ್ನು 1,500 ರೂಪಾಯಿಗೆ ಮಾರಿದೆ. "ರಿಪೇರಿ ಮಾಡಿದ್ದೀನಿ, ಪಕ್ಕಾ ಇದೆ" ಅಂತಲೂ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಅಂತ ಆಗ ಗೊತ್ತಿರಲಿಲ್ಲ. ಕಾರ್ಡು 19 ದಿನ ನಡೆದು ಮತ್ತೆ ಸತ್ತಿತು.

ಯಾಕೆ ಎದ್ದಿತು, ಯಾಕೆ ಸತ್ತಿತು ಅಂತ ತಿಳಿಯಲು ಹೊರಟವನಿಗೆ ಒಂದು ಇತಿಹಾಸವೇ ಸಿಕ್ಕಿತು. ಅದನ್ನು ಇಲ್ಲಿ ಹೇಳೋಣ ಅಂತ.

ಮೊದಲು ಬೆಸುಗೆಯ ವಿಷಯ. ಹಿಂದೆ ನಮ್ಮ ಊರುಗಳಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬರುತ್ತಿದ್ದರಲ್ಲ, ಅವರು ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರದ ತುಂಡನ್ನು ತಿಕ್ಕಿ, ಬಟ್ಟೆಯಿಂದ ಬಳಿಯುತ್ತಿದ್ದರು. ನವಸಾಗರ ಯಾಕೆ? ಲೋಹದ ಮೈಮೇಲಿನ ಕಿಲುಬನ್ನು ತೆಗೆಯಲು. ಕಿಲುಬು ಇದ್ದರೆ ತವರ ಅಂಟುವುದಿಲ್ಲ. ಎಲೆಕ್ಟ್ರಾನಿಕ್ಸ್ ಬೆಸುಗೆಯೂ ಮೂಲದಲ್ಲಿ ಇದೇ ಕೆಲಸ. ಅಲ್ಲಿ ನವಸಾಗರದ ಜಾಗದಲ್ಲಿ ಫ್ಲಕ್ಸ್ ಇರುತ್ತದೆ ಅಷ್ಟೆ. ಈ ಫ್ಲಕ್ಸ್ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಶುದ್ಧ ತವರ ಕರಗುವುದು 232 ಡಿಗ್ರಿಗೆ, ಸೀಸ 327 ಡಿಗ್ರಿಗೆ. ಆದರೆ 63 ಪಾಲು ತವರ, 37 ಪಾಲು ಸೀಸ ಬೆರೆಸಿದರೆ ಆ ಮಿಶ್ರಣ 183 ಡಿಗ್ರಿಗೇ ಕರಗುತ್ತದೆ. ಎರಡಕ್ಕಿಂತಲೂ ಕಡಿಮೆ! ದಶಕಗಟ್ಟಲೆ ರೇಡಿಯೋ, ಟಿವಿ, ಕಂಪ್ಯೂಟರು ಎಲ್ಲ ಈ ಮಿಶ್ರಣದಿಂದಲೇ ಬೆಸೆದದ್ದು. ಮೆದು, ಅಗ್ಗ, ಸ್ವಲ್ಪ ಎಳೆದರೂ ಬಾಗಿಕೊಳ್ಳುವ ಗುಣ.

ತೊಂದರೆ ಇದ್ದದ್ದು ಸೀಸದಲ್ಲಿ. ಸೀಸ ಮಕ್ಕಳ ಮಿದುಳಿಗೆ ವಿಷ. ಇದರಲ್ಲಿ ನಮ್ಮ ಬೆಂಗಳೂರಿನ ಹೆಸರೂ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಭಾರತದ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ 1990ರ ದಶಕದಲ್ಲಿ ಹುಡುಕಲು ಹೊರಟವರು. ಅವರು ತೊಡಗಿಕೊಂಡಿದ್ದ ಸಮೀಕ್ಷೆಯ ಫಲಿತಾಂಶ 1999ರಲ್ಲಿ ಹೊರಬಂತು. ಮರುವರ್ಷ, ಅಂದರೆ 2000ದಲ್ಲಿ, ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು.

ಯೂರೋಪಿನವರು ಎಲೆಕ್ಟ್ರಾನಿಕ್ಸ್ ವಸ್ತುಗಳ ಮೇಲೂ ಕಣ್ಣು ಹಾಕಿದರು. ಕಸಕ್ಕೆ ಹೋದ ಕಂಪ್ಯೂಟರಿನ ಸೀಸ ಕೊನೆಗೆ ನೆಲಕ್ಕೆ, ನೀರಿಗೆ ಸೇರುತ್ತದೆ ಅನ್ನೋದು ಅವರ ಚಿಂತೆ. 2003ರಲ್ಲಿ ಒಪ್ಪಿಗೆಯಾಗಿ 2006ರ ಜುಲೈ 1ರಿಂದ ಜಾರಿಗೆ ಬಂದ ರೋಹ್ಸ್ ಎಂಬ ನಿಯಮ ಸೀಸ, ಪಾದರಸ, ಕ್ಯಾಡ್ಮಿಯಂ ಸೇರಿ ಆರು ವಸ್ತುಗಳಿಗೆ ಕಡಿವಾಣ ಹಾಕಿತು. ಭಾರತದಲ್ಲೂ ಇಂಥದ್ದೇ ಮಿತಿ 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಬಂತು. ಸೀಸದ ಬದಲು ಕಾರ್ಖಾನೆಗಳು ಹಿಡಿದದ್ದು ತವರ, ಬೆಳ್ಳಿ, ತಾಮ್ರದ ಮಿಶ್ರಣವನ್ನು. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ 96.5% ತವರ, 3% ಬೆಳ್ಳಿ, 0.5% ತಾಮ್ರ. ಅದು ಕರಗುವುದು 217ರಿಂದ 220 ಡಿಗ್ರಿಗೆ. ಹಳೆಯದಕ್ಕಿಂತ ಗಟ್ಟಿ, ಬಾಗುವುದು ಕಡಿಮೆ.

ಈಗ ಗ್ರಾಫಿಕ್ಸ್ ಚಿಪ್ಪಿನ ಒಳಗೆ ಹೋಗೋಣ. ನಾವು ಚಿಪ್ಪು ಅಂತ ತೋರಿಸುವ ಆ ಚೌಕದಲ್ಲಿ ಎರಡು ಹಂತದ ಬೆಸುಗೆ ಇದೆ. ಮಧ್ಯದಲ್ಲಿ ಕನ್ನಡಿಯ ಹಾಗೆ ಹೊಳೆಯುವುದು ಸಿಲಿಕಾನ್ ಬಿಲ್ಲೆ. ಅದನ್ನು ಮಗುಚಿ ಹಾಕಿ, ಸಣ್ಣ ಸಣ್ಣ ಬೆಸುಗೆಯ ಗುಳ್ಳೆಗಳ ಮೇಲೆ ಒಂದು ಹಸಿರು ತಳಕ್ಕೆ ಕೂರಿಸಿರುತ್ತಾರೆ. ಗುಳ್ಳೆ ಅಂದರೆ ಸುಮಾರು ಒಂದು ಕೂದಲಿನ ದಪ್ಪ. ಇದಕ್ಕೆ ಫ್ಲಿಪ್ ಚಿಪ್ ಅನ್ನುತ್ತಾರೆ, 1960ರ ದಶಕದಲ್ಲಿ ಐಬಿಎಂ ಬೆಳೆಸಿದ ವಿಧಾನ. ಆ ಹಸಿರು ತಳದ ಅಡಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ನೂರಾರು ಬೆಸುಗೆ ಉಂಡೆಗಳಿವೆ. ಅವು ತಳವನ್ನು ದೊಡ್ಡ ಬೋರ್ಡಿಗೆ ಅಂಟಿಸುತ್ತವೆ. ಮೇಲಿನವು ಗುಳ್ಳೆಗಳು, ಕೆಳಗಿನವು ಉಂಡೆಗಳು. ಇಡೀ ಗೊಂದಲ ಹುಟ್ಟಿದ್ದು ಇವೆರಡನ್ನು ಒಂದೇ ಅಂದುಕೊಂಡದ್ದರಿಂದ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಗೊತ್ತು. ಪಟ್ಟಿಯನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಬಿಗಿಯುತ್ತದೆ. ಚಿಪ್ಪಿನಲ್ಲೂ ಹಿಗ್ಗಾಟ ಇದೆ, ಆದರೆ ಎರಡು ಪದಾರ್ಥ ಎರಡು ಥರ ಹಿಗ್ಗುತ್ತವೆ. ಸಿಲಿಕಾನ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗಿದರೆ, ಕೆಳಗಿನ ತಳ ಸುಮಾರು 15 ಪಾಲು. ನಾನೇ ಲೆಕ್ಕ ಹಾಕಿ ನೋಡಿದೆ: ಚಿಪ್ಪಿನ ನಡುವಿನಿಂದ 10 ಮಿಲಿಮೀಟರ್ ದೂರದಲ್ಲಿರುವ ಗುಳ್ಳೆ, ಶಾಖ 60 ಡಿಗ್ರಿ ಏರಿದಾಗ, ಸುಮಾರು 7 ಮೈಕ್ರಾನ್ ಪಕ್ಕಕ್ಕೆ ಎಳೆಯಲ್ಪಡುತ್ತದೆ. ಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲು. ಏನು ಮಹಾ ಅನ್ನಬಹುದು. ಆದರೆ ಗುಳ್ಳೆಯೇ ಕೂದಲಿನಷ್ಟು! ದಿನಕ್ಕೆ ನಾಲ್ಕು ಸಲ ಕಂಪ್ಯೂಟರು ಬಿಸಿಯಾಗಿ ತಣ್ಣಗಾದರೆ ಎರಡು ವರ್ಷದಲ್ಲಿ ಮೂರು ಸಾವಿರ ಸಲದ ಹತ್ತಿರ ಈ ಎಳೆದಾಟ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೇ. 1950ರ ದಶಕದಲ್ಲೇ ಕಾಫಿನ್ ಮತ್ತು ಮ್ಯಾನ್ಸನ್ ಅನ್ನುವ ಇಬ್ಬರು ಇದಕ್ಕೆ ಸೂತ್ರ ಕೊಟ್ಟಿದ್ದರು. ನಮಗೂ ಮೆಟೀರಿಯಲ್ ಸೈನ್ಸ್ ಪಾಠದಲ್ಲಿ ಲೋಹದ ದಣಿವು ಬಂದಿತ್ತು, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಈ ಎಳೆತವನ್ನು ಹಂಚಿಕೊಳ್ಳಲೆಂದೇ ಬಿಲ್ಲೆಗೂ ತಳಕ್ಕೂ ನಡುವೆ ಒಂದು ಅಂಟನ್ನು ತುಂಬಿರುತ್ತಾರೆ, ಅಂಡರ್‌ಫಿಲ್ ಅಂತ. ಅದು ಗಟ್ಟಿಯಾಗಿ ಹಿಡಿದುಕೊಂಡಷ್ಟು ಹೊತ್ತು ಗುಳ್ಳೆಗಳು ಕ್ಷೇಮ. ಚಿಪ್ಪು ಕೆಲಸ ಮಾಡುವ ಶಾಖದಲ್ಲೇ ಆ ಅಂಟು ಮೆತ್ತಗಾದರೆ ಭಾರವೆಲ್ಲ ಗುಳ್ಳೆಯ ಮೇಲೆ.

ಇಷ್ಟು ಹಿನ್ನೆಲೆ. ಇನ್ನು ಘಟನೆಗಳಿಗೆ ಬರೋಣ.

2005ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರ ಬಿಟ್ಟಿತು. ಸ್ವಲ್ಪ ದಿನಕ್ಕೆ ಅದರ ಮುಂದಿನ ಗುಂಡಿಯ ಸುತ್ತ ನಾಲ್ಕರಲ್ಲಿ ಮೂರು ದೀಪ ಕೆಂಪಾಗಿ, ಯಂತ್ರಗಳು ಸಾಲುಸಾಲಾಗಿ ಮಲಗತೊಡಗಿದವು. ಆಗ ಹುಡುಗರ ನಡುವೆ ಒಂದು ವಿಚಿತ್ರ ಮದ್ದು ಹಬ್ಬಿತು. ಯಂತ್ರಕ್ಕೆ ಟವೆಲ್ ಸುತ್ತಿ, ಗಾಳಿಯಾಡದಂತೆ ಮಾಡಿ, ಸ್ವಲ್ಪ ಹೊತ್ತು ಚಾಲೂ ಇಡುವುದು. ತನ್ನದೇ ಶಾಖದಲ್ಲಿ ಬೆಂದು ಯಂತ್ರ ಏಳುತ್ತಿತ್ತು! 2007ರ ಜುಲೈ 5ರಂದು ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ 105ರಿಂದ 115 ಕೋಟಿ ಡಾಲರ್ ಎತ್ತಿಟ್ಟಿತು. ಏನು ಕೆಟ್ಟಿತ್ತು ಅಂತ ಮಾತ್ರ ಬಾಯಿ ಬಿಡಲಿಲ್ಲ.

ಮರುವರ್ಷ ಲ್ಯಾಪ್‌ಟಾಪುಗಳ ಸರದಿ. 2008ರ ಜುಲೈ 2ರಂದು ಎನ್‌ವಿಡಿಯಾ ಕಂಪನಿ ಅಮೆರಿಕದ ಷೇರು ನಿಯಂತ್ರಕರಿಗೆ ಒಂದು ಹೇಳಿಕೆ ಕೊಟ್ಟಿತು. ಹಿಂದಿನ ತಲೆಮಾರಿನ ಕೆಲವು ನೋಟ್‌ಬುಕ್ ಚಿಪ್ಪುಗಳು ಲೆಕ್ಕಕ್ಕಿಂತ ಹೆಚ್ಚು ಕೆಡುತ್ತಿವೆ, ಬಿಲ್ಲೆ ಮತ್ತು ಪ್ಯಾಕೇಜಿನ ಸಾಮಗ್ರಿ ದುರ್ಬಲವಾಗಿದೆ, ಲ್ಯಾಪ್‌ಟಾಪಿನ ಶಾಖದ ವಿನ್ಯಾಸ, ಗ್ರಾಹಕರು ಬಳಸುವ ರೀತಿಯೂ ಕಾರಣ ಇರಬಹುದು, 15ರಿಂದ 20 ಕೋಟಿ ಡಾಲರ್ ಖರ್ಚಾಗಲಿದೆ ಅಂತ. ಆ ತ್ರೈಮಾಸಿಕದಲ್ಲಿ ಲೆಕ್ಕಕ್ಕೆ ಬರೆದದ್ದು 19.6 ಕೋಟಿ ಡಾಲರ್. ಮರುದಿನ ಅವರ ಷೇರು ಮೂರರಲ್ಲಿ ಒಂದು ಪಾಲಿನ ಹತ್ತಿರ ಕುಸಿಯಿತು.

ಡೆಲ್ ಕಂಪನಿ ಬಯಾಸ್ ಬದಲಿಸಿ ಫ್ಯಾನು ಬೇಗ ತಿರುಗುವಂತೆ ಮಾಡಿತು. ಶಾಖದ ಏರಿಳಿತ ಕಡಿಮೆಯಾದರೆ ದಣಿವೂ ಕಡಿಮೆ, ಸರಿ. ಆದರೆ ಆಗಲೇ ಬಿರುಕು ಬಿಟ್ಟದ್ದು ಕೂಡಿಕೊಳ್ಳುವುದಿಲ್ಲವಲ್ಲ. ಆಪಲ್ ಕಂಪನಿಗೆ ಎನ್‌ವಿಡಿಯಾ ಮೊದಲು "ನಿಮ್ಮವು ಚೆನ್ನಾಗಿವೆ" ಅಂತ ಭರವಸೆ ಕೊಟ್ಟಿತ್ತು. ಆಪಲ್ ತಾನೇ ಪರೀಕ್ಷಿಸಿ, 2008ರ ಅಕ್ಟೋಬರಿನಲ್ಲಿ, ಜೀಫೋರ್ಸ್ 8600ಎಂ ಜಿಟಿ ಇರುವ ಕೆಲವು ಮ್ಯಾಕ್‌ಬುಕ್ ಪ್ರೋಗಳೂ ಕೆಡಬಹುದು ಅಂತ ಒಪ್ಪಿಕೊಂಡು, ವಾರಂಟಿ ಮುಗಿದಿದ್ದರೂ ಪುಕ್ಕಟೆ ರಿಪೇರಿ ಘೋಷಿಸಿತು. ಡೆಲ್, ಎಚ್‌ಪಿ, ಆಪಲ್ ಗ್ರಾಹಕರು ಕ್ಯಾಲಿಫೋರ್ನಿಯಾದಲ್ಲಿ ಹೂಡಿದ ದಾವೆ 2010ರ ಕೊನೆಯಲ್ಲಿ ರಾಜಿಯಲ್ಲಿ ಮುಗಿಯಿತು.

ಇದೇ ವರ್ಷಗಳಲ್ಲಿ ಟವೆಲ್ಲಿನಿಂದ ಓವನ್ನಿಗೆ ಬಡ್ತಿ ಸಿಕ್ಕಿದ್ದು. ಒಬ್ಬರಿಂದ ಒಬ್ಬರಿಗೆ ಹಬ್ಬಿದ ಪಾಕ ಹೆಚ್ಚುಕಡಿಮೆ ಒಂದೇ: 385 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ 196 ಡಿಗ್ರಿ, ಎಂಟು ಹತ್ತು ನಿಮಿಷ. ಗ್ರಾಫಿಕ್ಸ್ ಕಾರ್ಡು, ಲ್ಯಾಪ್‌ಟಾಪಿನ ಬೋರ್ಡು, ಕೊನೆಗೆ ಲೇಸರ್ ಪ್ರಿಂಟರಿನ ಬೋರ್ಡನ್ನೂ ಜನ ಬೇಯಿಸಿದರು. ಅದಕ್ಕೆ ಕೊಡುತ್ತಿದ್ದ ವಿವರಣೆಯೂ ಒಂದೇ: "ಯೂರೋಪಿನವರು ಸೀಸ ತೆಗೆಸಿದರು, ಬೆಸುಗೆ ಬಿರುಕು ಬಿಟ್ಟಿತು, ಓವನ್ನಿನಲ್ಲಿ ಬೆಸುಗೆ ಕರಗಿ ಮತ್ತೆ ಕೂಡಿತು." ನಾನೂ ಇದನ್ನೇ ನಂಬಿದ್ದೆ, ಜೂನಿಯರ್ ಹುಡುಗನಿಗೂ ಇದನ್ನೇ ಹೇಳಿದ್ದೆ.

ಈಗ ಸ್ವಲ್ಪ ಹಿಂದಿನ ಅಂಕಿ ನೆನಪಿಸಿಕೊಳ್ಳಿ. ಸೀಸವಿಲ್ಲದ ಬೆಸುಗೆ ಕರಗುವುದು 217ಕ್ಕೆ. ಓವನ್ನು 196 ಅಥವಾ 200. ಹಾಗಾದರೆ ಕರಗಿದ್ದೇನು?

ಏನೂ ಕರಗಿರಲಿಲ್ಲ!

ಅಷ್ಟೇ ಅಲ್ಲ. ಬಿಲ್ಲೆಯ ಕೆಳಗಿನ ಗುಳ್ಳೆಗಳಿಗೆ ಯೂರೋಪಿನ ನಿಯಮದಲ್ಲೇ ವಿನಾಯಿತಿ ಇತ್ತು, ಅಲ್ಲಿ ಸೀಸ ಬಳಸಬಹುದಿತ್ತು. 2008ರಲ್ಲಿ 'ದಿ ಇನ್‌ಕ್ವೈರರ್'ನಲ್ಲಿ ಚಾರ್ಲಿ ಡೆಮರ್ಜಿಯನ್ ಬರೆದ ಲೇಖನಗಳ ವಾದ ಇದು: ಕೆಡುತ್ತಿದ್ದ ಎನ್‌ವಿಡಿಯಾ ಚಿಪ್ಪುಗಳಲ್ಲಿ ಇದ್ದದ್ದು ಬಹುಪಾಲು ಸೀಸವೇ ಇರುವ ಗುಳ್ಳೆ. ಅದರ ಜೊತೆ ಬಳಸಿದ ಅಂಟು ಕಡಿಮೆ ಶಾಖಕ್ಕೇ ಮೆತ್ತಗಾಗುವಂಥದ್ದು. ಅಂಥ ಗುಳ್ಳೆ ಕರಗಲು 300 ಡಿಗ್ರಿ ದಾಟಬೇಕು. ಅಂದರೆ ನಾವೆಲ್ಲ ಸೀಸ ತೆಗೆದದ್ದೇ ತಪ್ಪು ಅಂತ ಬೈಯುತ್ತಿದ್ದಾಗ, ಬಿರುಕು ಬಿಟ್ಟದ್ದು ಸೀಸ ತುಂಬಿದ್ದ ಜಾಗದಲ್ಲಿ. ಪರಿಸರದ ನಿಯಮಕ್ಕೆ ಸುಮ್ಮನೆ ಕೆಟ್ಟ ಹೆಸರು ಬಂತು.

ಹಾಗಾದರೆ ಕಾರ್ಡು ಏಳುತ್ತಿದ್ದದ್ದು ಹೇಗೆ? 200 ಡಿಗ್ರಿಯಲ್ಲಿ ಅಂಟು ಮೆತ್ತಗಾಗುತ್ತದೆ, ಬಿಲ್ಲೆ, ತಳ ಎರಡೂ ಹಿಗ್ಗಿ ಸ್ವಲ್ಪ ಜರುಗುತ್ತವೆ, ಬಿರುಕಿನ ಎರಡು ಮುಖಗಳು ಒಂದಕ್ಕೊಂದು ತಾಗುತ್ತವೆ. ತಣ್ಣಗಾದಾಗ ಹಾಗೇ ತಾಗಿಕೊಂಡು ಕೂತರೆ ವಿದ್ಯುತ್ ಹರಿಯುತ್ತದೆ. ಆದರೆ ಬಿರುಕಿನ ಮುಖದ ಮೇಲೆ ಕಿಲುಬು ಕೂತಿದೆ, ಒಳಗೆ ಫ್ಲಕ್ಸ್ ಇಲ್ಲ, ಕೂಡಿಕೊಂಡಿಲ್ಲ. ನವಸಾಗರ ಇಲ್ಲದೆ ಕಲಾಯಿ ಹಾಕಿದ ಹಾಗೆ. ನಾಲ್ಕು ಸಲ ಬಿಸಿಯಾಗಿ ತಣ್ಣಗಾದರೆ ಮತ್ತೆ ಬಿಡುತ್ತದೆ. ಅಪ್ಪ ಟಿವಿಯ ತಲೆಗೆ ಕೊಡುತ್ತಿದ್ದ ಏಟು, ನಾನು 200 ಡಿಗ್ರಿಯಲ್ಲಿ ಕೊಟ್ಟೆ ಅಷ್ಟೆ.

ಇಲ್ಲಿಂದ ವ್ಯಾಪಾರದ ಕತೆ ಶುರು. ಓವನ್ನಿನ ಮುಂದಿನ ಮೆಟ್ಟಿಲು ಹಾಟ್ ಏರ್ ಗನ್ನು, ಅದರ ಮುಂದಿನದು ರೀಬಾಲಿಂಗ್. ಅಂದರೆ ಚಿಪ್ಪನ್ನು ಬೋರ್ಡಿನಿಂದ ಎಬ್ಬಿಸಿ, ಕೆಳಗಿನ ಉಂಡೆಗಳನ್ನೆಲ್ಲ ಕೆರೆದು, ಹೊಸ ಉಂಡೆ ಹಾಕಿ ಮತ್ತೆ ಕೂರಿಸುವುದು. ಬೆಂಗಳೂರಿನ ಎಸ್.ಪಿ. ರೋಡಿನ ಮಹಡಿ ಅಂಗಡಿಗಳಲ್ಲೂ ಈ ಕೆಲಸ ಮಾಡುವ ಹುಡುಗರನ್ನು ನೋಡಿದ್ದೇನೆ. ಕೈ ಅಂದರೆ ಕೈ, ನಾಲ್ಕು ವರ್ಷ ಕಾಲೇಜಿನಲ್ಲಿ ಕೂತ ನನಗೆ ಅದು ಬರುವುದಿಲ್ಲ. ಉಂಡೆಯೇ ಕೆಟ್ಟಿದ್ದರೆ ಅದು ನಿಜವಾದ ರಿಪೇರಿ. ಆದರೆ ಕೆಟ್ಟಿರುವುದು ಬಿಲ್ಲೆಯ ಕೆಳಗಿನ ಗುಳ್ಳೆಯಾದರೆ? ಉಂಡೆ ಬದಲಿಸಲು ಕೊಟ್ಟ ಶಾಖಕ್ಕೆ ಗುಳ್ಳೆ ತಾಗಿ ಚಿಪ್ಪು ಏಳುತ್ತದೆ, ಗ್ರಾಹಕ ದುಡ್ಡು ಕೊಟ್ಟು ಹೋಗುತ್ತಾನೆ, ಒಂದೆರಡು ತಿಂಗಳಲ್ಲಿ ವಾಪಸು ಬರುತ್ತಾನೆ. ನ್ಯೂಯಾರ್ಕಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ನಡೆಸುತ್ತಿದ್ದ ಲೂಯಿ ರಾಸ್‌ಮನ್ ಇದನ್ನು ವರ್ಷಗಟ್ಟಲೆ ಕೂಗಿ ಹೇಳಿದರು: ಇಂಥ ಚಿಪ್ಪಿಗೆ ರೀಬಾಲಿಂಗ್ ಮದ್ದಲ್ಲ, ಹೊಸ ಚಿಪ್ಪು ಹಾಕುವುದೊಂದೇ ಮದ್ದು. ಹೊಸ ಚಿಪ್ಪಿನ ಬೆಲೆ ಜಾಸ್ತಿ, ಅದನ್ನು ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ. ನಿಜ ಹೇಳುವ ಅಂಗಡಿಗೇ ನಷ್ಟ.

ಕಂಪನಿಗಳು ನಿಜವನ್ನು ಮೊದಲೇ ಬಿಡಿಸಿ ಹೇಳಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು. ಮೈಕ್ರೋಸಾಫ್ಟ್ ಆ ಕೆಂಪು ದೀಪದ ಕಾರಣವನ್ನು ಸಾರ್ವಜನಿಕವಾಗಿ ಬಿಡಿಸಿ ಹೇಳಿದ್ದು 2021ರ ಡಿಸೆಂಬರಿನಲ್ಲಿ, 'ಪವರ್ ಆನ್' ಎಂಬ ತನ್ನದೇ ಸಾಕ್ಷ್ಯಚಿತ್ರದಲ್ಲಿ. ಯಂತ್ರವನ್ನು ಹಾಕಿ ಆರಿಸಿ ಮಾಡುವಾಗಿನ ಶಾಖದ ಏರಿಳಿತಕ್ಕೆ ಚಿಪ್ಪಿನ ಒಳಗಿನ ಸಂಪರ್ಕಗಳು ಮುರಿಯುತ್ತಿದ್ದವು ಅಂತ ಅವರದೇ ಇಂಜಿನಿಯರುಗಳು ಹೇಳಿದರು. ಯಂತ್ರ ಬಂದು 16 ವರ್ಷದ ಮೇಲೆ! ಗಮನಿಸಿ, ಆ ಗ್ರಾಫಿಕ್ಸ್ ಚಿಪ್ಪು ಎನ್‌ವಿಡಿಯಾದ್ದಲ್ಲ, ಎಟಿಐನದು. 2011ರಿಂದ 2013ರವರೆಗಿನ ಕೆಲವು ಮ್ಯಾಕ್‌ಬುಕ್ ಪ್ರೋಗಳಲ್ಲೂ ಚಿತ್ರ ಕೆಡುವ ತೊಂದರೆ ಬಂದು 2015ರ ಫೆಬ್ರವರಿಯಲ್ಲಿ ಆಪಲ್ ಮತ್ತೆ ಪುಕ್ಕಟೆ ರಿಪೇರಿ ಘೋಷಿಸಬೇಕಾಯಿತು. ಒಂದು ಕಂಪನಿಯ ಪಾಪ ಅಂತ ಹೇಳಿ ಮುಗಿಸುವಂತಿಲ್ಲ. ಚಿಪ್ಪು ದೊಡ್ಡದಾಯಿತು, ಶಾಖ ಹೆಚ್ಚಾಯಿತು, ಲ್ಯಾಪ್‌ಟಾಪು ತೆಳ್ಳಗಾಯಿತು. ಅಂಟು ಮತ್ತು ಬೆಸುಗೆಯ ವಿಜ್ಞಾನ ಆ ಓಟಕ್ಕೆ ಹಿಂದೆ ಬಿತ್ತು.

ಇನ್ನು ಅಮ್ಮನ ಓವನ್ನು. 200 ಡಿಗ್ರಿಯಲ್ಲಿ ಸೀಸ ಆವಿಯಾಗಿ ಹಾರುವುದು ತೀರಾ ನಗಣ್ಯ, ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಹಳೆಯ ಫ್ಲಕ್ಸ್, ಪ್ಲಾಸ್ಟಿಕ್, ಬೆಂಕಿ ಹಿಡಿಯದಿರಲಿ ಅಂತ ಬೋರ್ಡಿಗೆ ಬೆರೆಸುವ ಬ್ರೋಮಿನ್ ರಾಸಾಯನಿಕ, ಇವೆಲ್ಲ ಬಿಸಿಗೆ ಬಿಡುವ ಹೊಗೆ ಊಟ ಬೇಯಿಸುವ ಡಬ್ಬಿಯಲ್ಲಿ ಇರಬೇಕಾದ್ದಲ್ಲ. ದಯವಿಟ್ಟು ಯಾರೂ ಅಡುಗೆಯ ಓವನ್ನಿನಲ್ಲಿ ಇದನ್ನು ಮಾಡಬೇಡಿ. ಇದನ್ನು ನಾನು ತಿಳಿದುಕೊಂಡಾಗ ಆ ಓವನ್ನಿನಲ್ಲಿ ಎಷ್ಟೋ ಕೇಕು ಬೆಂದು ನಾವೆಲ್ಲ ತಿಂದಾಗಿತ್ತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಹೊಸ ಓವನ್ನು ಕೊಡಿಸಿದೆ. ಮಗ ಪ್ರೀತಿಯಿಂದ ಕೊಡಿಸಿದ ಅಂತ ಅಮ್ಮ ಇವತ್ತಿಗೂ ನೆಂಟರ ಹತ್ತಿರ ಹೇಳಿಕೊಳ್ಳುತ್ತಾರೆ. ನಾನು ಸುಮ್ಮನಿರುತ್ತೇನೆ :)

ಉಳಿದದ್ದು ಆ 1,500 ರೂಪಾಯಿ. ಇದನ್ನೆಲ್ಲ ಓದಿ ತಿಳಿದ ಮೇಲೆ ಮನಸ್ಸು ತಡೆಯಲಿಲ್ಲ. ಗೊತ್ತಿಲ್ಲದೆ ಮಾಡಿದೆ ಅನ್ನೋದು ನಿಜ. ಆದರೆ ಗೊತ್ತಿಲ್ಲದ್ದನ್ನು "ಪಕ್ಕಾ ಇದೆ" ಅಂತ ಹೇಳಿದ್ದೂ ನಿಜ. ಎರಡು ವರ್ಷದ ಮೇಲೆ ಆ ಹುಡುಗನಿಗೆ ಫೋನು ಮಾಡಿ, ದುಡ್ಡು ವಾಪಸು ಕಳಿಸ್ತೀನಿ ಕಣೋ, ಆ ಕಾರ್ಡು ರಿಪೇರಿನೇ ಆಗಿರಲಿಲ್ಲ ಅಂದೆ. ಅವನು ಜೋರಾಗಿ ನಕ್ಕ.

"ಅಯ್ಯೋ ಬಿಡಣ್ಣಾ, ನಾನೂ ಅದನ್ನ ಇನ್ನೊಂದ್ಸಲ ಬೇಯಿಸಿ ಸಾವಿರಕ್ಕೆ ಮಾರಿದೆ."

ಯಾರಿಗೆ ಅಂತ ಕೇಳಿದೆ. ಅವನಿಗೆ ನೆನಪಿರಲಿಲ್ಲ. ಒತ್ತಾಯ ಮಾಡಿ ಅವನಿಗಾದ ನಷ್ಟ 500 ರೂಪಾಯಿ ಕಳಿಸಿದೆ. ಉಳಿದ ಸಾವಿರ ಯಾರಿಗೆ ಕೊಡಬೇಕೋ ಅವರು ಯಾರೋ, ಅವರೂ ಅದನ್ನು ಬೇಯಿಸಿ ಮುಂದಕ್ಕೆ ದಾಟಿಸಿದರೋ, ಗೊತ್ತಿಲ್ಲ. ನೀವೇನಾದರೂ ಆ ಸುಮಾರಿಗೆ ಮೈಸೂರಿನ ಕಡೆ ಯಾವುದೋ ಹಾಸ್ಟೆಲಿನಲ್ಲಿ ಸುಟ್ಟ ವಾರ್ನಿಷ್ ವಾಸನೆ ಬರುವ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಸಾವಿರ ರೂಪಾಯಿಗೆ ಕೊಂಡಿದ್ದರೆ ಹೇಳಿ. ದುಡ್ಡು ನನ್ನ ಹತ್ತಿರ ಇದೆ.